ಬೂದಿಯ ವರ್ಷ ಮತ್ತು ಸಾಲದ ಸಂಕೋಲೆ: ಆಳುವವರ ಹೊಣೆಯ ಕುರಿತು ಇತಿಹಾಸ ಹೇಳುವುದೇನು?

ಹಸಿವು ಎಲ್ಲ ಕಾಲದಲ್ಲಿಯೂ ಇತ್ತು. ಆದರೆ ಹಸಿದವನ ಕುರಿತು ಯಾರು ಉತ್ತರ ಹೇಳಬೇಕು ಎಂಬ ಪ್ರಶ್ನೆಗೆ ಎಲ್ಲ ಕಾಲವೂ ಒಂದೇ ಉತ್ತರವನ್ನು ಕೊಟ್ಟಿಲ್ಲ. ಮಳೆ ಬಾರದಿರುವುದು ವಿಧಿ, ಬೆಳೆ ಒಣಗುವುದು ಪ್ರಕೃತಿ, ಬಡವನು ಬಡವನಾಗಿಯೇ ಉಳಿಯುವುದು ಅವನ ಹಣೆಬರಹ ಎಂದು ಹೇಳಿ ಕೈ ತೊಳೆದುಕೊಂಡ ಅರಸರು ಇತಿಹಾಸದಲ್ಲಿ ಬಹಳ ಮಂದಿ. ಕಣಜದಲ್ಲಿ ಧಾನ್ಯವಿರುವಾಗ ಪ್ರಜೆ ಹಸಿದು ಸತ್ತರೆ ಅದಕ್ಕೆ ತಾನು ಅಲ್ಲಾಹನ ಮುಂದೆ ಉತ್ತರ ಹೇಳಬೇಕಾದೀತೆಂದು ನಡುಗಿದವರು ಕೆಲವೇ ಮಂದಿ.

ಇಂದಿನ ಜಗತ್ತಿನ ಕಣಜದಲ್ಲಿ ಧಾನ್ಯದ ಕೊರತೆಯಿಲ್ಲ. ಆದರೂ ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ಪರಿಷ್ಕರಿಸಿದ ರೇಖೆಯ ಪ್ರಕಾರ, ದಿನಕ್ಕೆ 3 ಡಾಲರ್‌ಗಿಂತ ಕಡಿಮೆ ಮೊತ್ತದಲ್ಲಿ ಬದುಕುವವರು ಸುಮಾರು 80 ಕೋಟಿ. ಈ 3 ಡಾಲರ್ ಎಂಬುದು ಪೇಟೆಯ ವಿನಿಮಯ ದರದ ಲೆಕ್ಕವಲ್ಲ. ಅಮೆರಿಕದಲ್ಲಿ ಅಷ್ಟು ಹಣಕ್ಕೆ ಸಿಗುವ ವಸ್ತುಗಳು ತಮ್ಮ ದೇಶದಲ್ಲಿ ಎಷ್ಟಕ್ಕೆ ಸಿಗುತ್ತವೆಯೋ ಅಷ್ಟು. ಅನ್ನ, ಬಟ್ಟೆ, ಸೂರು, ಔಷಧಿ ಎಲ್ಲವೂ ಅದರೊಳಗೇ ಮುಗಿಯಬೇಕು. ಇವರ ಬಗ್ಗೆ ಉತ್ತರ ಹೇಳಬೇಕಾದವರು ಯಾರು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಇತಿಹಾಸದ ಎರಡು ಅಧ್ಯಾಯಗಳನ್ನು ಓದೋಣ. ಒಂದು ಹಿಜರಿ 18ರ ಮದೀನ. ಇನ್ನೊಂದು ನಮ್ಮ ಕಣ್ಣೆದುರಿನ ಕಾಲದ್ದು.

ಬೂದಿಯ ವರ್ಷ

ಎರಡನೆಯ ಖಲೀಫಾ ಹಝ್ರತ್ ಉಮರ್(ರ)ರ ಆಡಳಿತದಲ್ಲಿ, ಹಿಜರಿ 18ರಲ್ಲಿ, ಅಂದರೆ ಕ್ರಿ.ಶ. 639ರ ಸುಮಾರಿಗೆ, ಹಿಜಾಝ್ ಪ್ರಾಂತ್ಯಕ್ಕೆ ಭೀಕರ ಬರಗಾಲ ಬಂತು. ತಿಂಗಳುಗಟ್ಟಲೆ ಮಳೆ ಬೀಳಲಿಲ್ಲ. ನೆಲ ಸುಟ್ಟು ಕಪ್ಪಾಯಿತು. ಗಾಳಿ ಬೀಸಿದರೆ ಮಣ್ಣು ಬೂದಿಯಂತೆ ಹಾರುತ್ತಿತ್ತು. ಆದುದರಿಂದಲೇ ಚರಿತ್ರೆಕಾರರು ಅದನ್ನು 'ಆಮುರ್ರಮಾದ', ಬೂದಿಯ ವರ್ಷ ಎಂದು ಕರೆದರು. ಮರುಭೂಮಿಯ ಬುಡಕಟ್ಟುಗಳು ಜಾನುವಾರುಗಳನ್ನು ಕಳೆದುಕೊಂಡು ಮದೀನದ ಸುತ್ತಮುತ್ತ ಬಂದು ಬೀಡುಬಿಟ್ಟವು.

ಉಮರ್(ರ) ಆಗ ಏನು ಮಾಡಿದರು ಎಂಬುದನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಅವರು ಪ್ರಾರ್ಥಿಸಿದರು. ಪ್ರವಾದಿ(ಸ)ರ ಚಿಕ್ಕಪ್ಪ ಅಬ್ಬಾಸ್(ರ)ರನ್ನು ಮುಂದಿಟ್ಟುಕೊಂಡು ಮಳೆಗಾಗಿ ಬೇಡಿದರು. ಆದರೆ ಪ್ರಾರ್ಥನೆಯನ್ನು ಆಡಳಿತಕ್ಕೆ ಬದಲಿಯಾಗಿ ಇಟ್ಟುಕೊಳ್ಳಲಿಲ್ಲ. ಸಿರಿಯಾ, ಇರಾಕ್ ಮುಂತಾದ ಪ್ರಾಂತ್ಯಗಳ ಅಧಿಕಾರಿಗಳಿಗೆ ನೆರವಿಗಾಗಿ ತುರ್ತು ಪತ್ರಗಳನ್ನು ಬರೆದರು. ಸಿರಿಯಾದಿಂದ ಅಬೂ ಉಬೈದಾ(ರ) 4,000 ಒಂಟೆಗಳ ಮೇಲೆ ಆಹಾರ ಹೇರಿಕೊಂಡು ಬಂದರೆಂದು ತಬರಿ ದಾಖಲಿಸಿದ್ದಾರೆ. ಸಂಪನ್ನ ಪ್ರಾಂತ್ಯದ ಮೇಲೆ ಹಸಿದ ಪ್ರಾಂತ್ಯಕ್ಕೆ ಹಕ್ಕಿದೆ ಎಂಬುದು ಅಲ್ಲಿ ಚರ್ಚೆಯ ವಿಷಯವಾಗಿರಲಿಲ್ಲ.

ಬಂದ ಆಹಾರವನ್ನು ಮನಬಂದಂತೆ ಹಂಚಲಿಲ್ಲ. ಉಮರ್(ರ) ಲೆಕ್ಕ ಮಾಡಿಸಿದರು. ಇಬ್ನು ಸಅದ್‌ರ 'ತಬಖಾತ್'ನ ವರದಿಯಂತೆ, ಒಂದು ರಾತ್ರಿ ಸಾರ್ವಜನಿಕ ಊಟಕ್ಕೆ ಬಂದವರನ್ನು ಎಣಿಸಿದಾಗ 7,000 ಮಂದಿ ಇದ್ದರು. ಖಲೀಫರು ಅಷ್ಟಕ್ಕೆ ತೃಪ್ತರಾಗದೆ, ಬರಲಾಗದ ರೋಗಿಗಳು, ಮಕ್ಕಳು ಮತ್ತು ಕುಟುಂಬದವರು ಎಷ್ಟು ಮಂದಿ ಎಂದು ಎಣಿಸಲು ಆಜ್ಞಾಪಿಸಿದರು. ಆ ಸಂಖ್ಯೆ 40,000 ಆಗಿತ್ತು. ಸಾಲಿನಲ್ಲಿ ನಿಲ್ಲಲು ಶಕ್ತಿಯಿರುವ ಬಡವ ನಮ್ಮೆಲ್ಲರ ಕಣ್ಣಿಗೆ ಬೀಳುತ್ತಾನೆ. ಸಾಲಿನವರೆಗೆ ನಡೆದು ಬರಲಾಗದವನನ್ನು ಹುಡುಕಿ ಹೋಗುವುದೇ ಆಡಳಿತ.

ಇಡೀ ಬರಗಾಲದಲ್ಲಿ ಅವರು ತುಪ್ಪ ಮತ್ತು ಮಾಂಸವನ್ನು ಮುಟ್ಟಲಿಲ್ಲ. ಜನರಿಗೆ ಸಿಗುವವರೆಗೆ ತನಗೂ ಬೇಡ ಎಂದು ಶಪಥ ಮಾಡಿದ್ದರು. ಎಣ್ಣೆಯಲ್ಲಿ ಅದ್ದಿದ ರೊಟ್ಟಿ ತಿಂದು ತಿಂದು ಅವರ ಮೈಬಣ್ಣವೇ ಕಪ್ಪಿಟ್ಟಿತು. ಹಸಿವಿನ ಆ ಕಾಲದಲ್ಲಿ ಕಳ್ಳತನದ ಶಿಕ್ಷೆಯನ್ನು ಅವರು ತಡೆಹಿಡಿದರು. ರೊಟ್ಟಿ ಕೊಡಲಾಗದ ರಾಜ್ಯಕ್ಕೆ ರೊಟ್ಟಿ ಕದ್ದವನನ್ನು ದಂಡಿಸುವ ನೈತಿಕ ಹಕ್ಕಿಲ್ಲವೆಂದು ಅವರು ಬಲ್ಲವರಾಗಿದ್ದರು.

ಇವೆಲ್ಲಕ್ಕಿಂತ ನಮ್ಮ ಇಂದಿನ ವಿಷಯಕ್ಕೆ ಹತ್ತಿರವಾದ ಇನ್ನೊಂದು ನಿರ್ಧಾರವಿದೆ. ಆ ವರ್ಷ ಉಮರ್(ರ) ಝಕಾತ್ ವಸೂಲಿಯನ್ನೇ ಮುಂದೂಡಿದರು. ಝಕಾತ್ ಎಂದರೆ ಖಲೀಫರ ಸ್ವಂತ ತೆರಿಗೆಯಲ್ಲ. ಅದು ಇಸ್ಲಾಮಿನ ಸ್ತಂಭಗಳಲ್ಲೊಂದು. ಅಂತಹ ಕಡ್ಡಾಯ ಬಾಕಿಯನ್ನೂ ಹಸಿದವರಿಂದ ಕೇಳಬಾರದೆಂದು ಅವರು ತೀರ್ಮಾನಿಸಿದರು. ಮಳೆ ಬಂದು ನೆಲ ಹಸಿರಾದ ಮೇಲೆಯೇ ವಸೂಲಿಗಾರರನ್ನು ಕಳುಹಿಸಿದರು. ಎರಡು ವರ್ಷದ ಝಕಾತ್ ಪಡೆದು, ಒಂದು ವರ್ಷದ ಪಾಲನ್ನು ಅಲ್ಲಿನ ಬಡವರಿಗೇ ಹಂಚಿ, ಇನ್ನೊಂದನ್ನು ಮಾತ್ರ ಮದೀನಕ್ಕೆ ತರಬೇಕೆಂದು ಸೂಚಿಸಿದರು.

ಮತ್ತೊಂದು ಬರ ಬಂದರೆ ಏನು ಮಾಡುವುದು ಎಂಬ ದೂರದೃಷ್ಟಿಯೂ ಆ ಆಡಳಿತಕ್ಕೆ ಇತ್ತು. ಮುಂದೆ ಈಜಿಪ್ಟಿನಲ್ಲಿ ಅಮ್ರ್ ಇಬ್ನುಲ್ ಆಸ್(ರ), ನೈಲ್ ನದಿಯನ್ನು ಕೆಂಪು ಸಮುದ್ರಕ್ಕೆ ಸೇರಿಸುವ ಹೂಳು ತುಂಬಿದ ಪುರಾತನ ಕಾಲುವೆಯನ್ನು ಮತ್ತೆ ತೋಡಿಸಿದರು. ಈಜಿಪ್ಟಿನ ಧಾನ್ಯ ಹಡಗುಗಳಲ್ಲಿ ಮದೀನದ ಬಂದರಾದ ಜಾರ್‌ಗೆ ಬಂದು ತಲುಪತೊಡಗಿತು. ಆ ಕಾಲುವೆಗೆ 'ಅಮೀರುಲ್ ಮುಅ್‌ಮಿನೀನರ ಕಾಲುವೆ' ಎಂಬ ಹೆಸರೇ ಬಂತು.

ಕಣ್ಣೀರು ಕಾನೂನಾದ ಬಗೆ

ದಾನ ಬೇರೆ, ನೀತಿ ಬೇರೆ. ಈ ವ್ಯತ್ಯಾಸವನ್ನು ತೋರಿಸುವ ಘಟನೆಯೊಂದು ಉಮರ್(ರ)ರ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಮದೀನದ ಹೊರವಲಯದಲ್ಲಿ ವರ್ತಕರ ತಂಡವೊಂದು ತಂಗಿತ್ತು. ಉಮರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ರಾತ್ರಿ ಅವರಿಗೆ ಕಾವಲು ನಿಂತರು. ಮಗುವೊಂದು ಅಳುತ್ತಲೇ ಇತ್ತು. ಎರಡು ಮೂರು ಬಾರಿ ಹೋಗಿ ವಿಚಾರಿಸಿದಾಗ, ಖಲೀಫರನ್ನು ಗುರುತಿಸದ ಆ ತಾಯಿ ಕಾರಣ ಹೇಳಿದಳು: ಮಗುವಿಗೆ ಮೊಲೆಹಾಲು ಬಿಡಿಸುತ್ತಿದ್ದೇನೆ, ಏಕೆಂದರೆ ಹಾಲು ಬಿಟ್ಟ ಮಗುವಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ.

ಆ ತಾಯಿಗೆ ಒಂದು ಚೀಲ ಹಿಟ್ಟು ಕೊಟ್ಟು ಹೊರಟುಬಿಟ್ಟಿದ್ದರೆ ಅದು ದಾನವಾಗುತ್ತಿತ್ತು. ಉಮರ್(ರ) ಹಾಗೆ ಮಾಡಲಿಲ್ಲ. ಅಂದಿನ ಫಜ್ರ್ ನಮಾಝಿನಲ್ಲಿ ಅವರ ಅಳುವಿನಿಂದಾಗಿ ಪಾರಾಯಣವೇ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ನಮಾಝ್ ಮುಗಿಸಿದವರೇ, ಮಕ್ಕಳ ಹಾಲು ಅವಸರದಿಂದ ಬಿಡಿಸಬೇಡಿ, ಇನ್ನು ಮುಂದೆ ಇಸ್ಲಾಮೀ ರಾಜ್ಯದಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಹುಟ್ಟಿನಿಂದಲೇ ಭತ್ಯೆ ಎಂದು ಘೋಷಿಸಿದರು. ಎಲ್ಲ ಪ್ರಾಂತ್ಯಗಳಿಗೂ ಆದೇಶ ಹೋಯಿತು. ತಾನೇ ಮಾಡಿದ ನಿಯಮವೊಂದು ಹಾಲುಗೂಸನ್ನು ಹಸಿವಿಗೆ ದೂಡುತ್ತಿದೆಯೆಂದು ತಿಳಿದಾಗ, ಆಡಳಿತಗಾರನು ಆ ನಿಯಮವನ್ನೇ ಬದಲಿಸಬೇಕು. ಬಡವರ ಬಾಯಿಗೆ ತುತ್ತು ಕೊಡುವುದು ಪುಣ್ಯದ ಕೆಲಸ. ಅವರ ತುತ್ತನ್ನು ಕಸಿಯುವ ಕಟ್ಟಳೆಯನ್ನು ತೆಗೆದುಹಾಕುವುದು ಆಳುವವರ ಕರ್ತವ್ಯ.

ಸಾಲದ ಸಂಕೋಲೆ

ಈಗ ಎರಡನೆಯ ಅಧ್ಯಾಯಕ್ಕೆ ಬರೋಣ. 1973ರಲ್ಲಿ ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿತು. ತೈಲ ಮಾರುವ ದೇಶಗಳಿಗೆ, ವಿಶೇಷವಾಗಿ ಅರಬ್ ದೇಶಗಳಿಗೆ, ಅಪಾರ ಹಣ ಹರಿದು ಬಂತು. ಆ ಹಣದ ದೊಡ್ಡ ಪಾಲು ಪಾಶ್ಚಾತ್ಯ ಬ್ಯಾಂಕುಗಳಿಗೆ ಹೋಯಿತು. ಬ್ಯಾಂಕುಗಳು ಅದನ್ನು ಬಡ್ಡಿಗೆ ಕೊಡಲು ಗಿರಾಕಿಗಳನ್ನು ಹುಡುಕಿದವು. ತೈಲಬೆಲೆಯ ಹೊಡೆತದಿಂದಲೇ ಕಂಗೆಟ್ಟಿದ್ದ ಲ್ಯಾಟಿನ್ ಅಮೆರಿಕ, ಆಫ್ರಿಕಾದ ಬಡರಾಷ್ಟ್ರಗಳು ಆ ಗಿರಾಕಿಗಳಾದವು. ನೋವಿನ ಸಂಗತಿಯೆಂದರೆ, ಬಡದೇಶಗಳ ಕೊರಳಿಗೆ ಬಿದ್ದ ಆ ಬಡ್ಡಿಯ ಉರುಳಿನ ಒಂದು ಎಳೆ ಮುಸ್ಲಿಮ್ ನಾಡುಗಳ ತೈಲಬಾವಿಗಳಿಂದಲೇ ಬಂದದ್ದು.

1979ರಿಂದ ಅಮೆರಿಕವು ತನ್ನ ದೇಶದ ಹಣದುಬ್ಬರವನ್ನು ತಡೆಯಲು ಬಡ್ಡಿದರವನ್ನು ಏರಿಸಿತು. ಬದಲಾಗುವ ದರದಲ್ಲಿ ಸಾಲ ಪಡೆದಿದ್ದ ದೇಶಗಳ ಕಂತುಗಳು ರಾತ್ರೋರಾತ್ರಿ ಬೆಳೆದವು. ಅದೇ ಹೊತ್ತಿಗೆ ಅವು ಮಾರುವ ತಾಮ್ರ, ಹತ್ತಿ, ಕಾಫಿಯಂತಹ ವಸ್ತುಗಳ ಬೆಲೆ ಕುಸಿಯಿತು. 1982ರ ಆಗಸ್ಟ್‌ನಲ್ಲಿ ಮೆಕ್ಸಿಕೋ ತನ್ನಿಂದ ಸಾಲ ತೀರಿಸಲಾಗದೆಂದು ಘೋಷಿಸಿತು. ಒಂದರ ಹಿಂದೆ ಒಂದರಂತೆ ಹತ್ತಾರು ದೇಶಗಳು ಅದೇ ದಾರಿಗೆ ಬಂದವು. ಹಳೆಯ ಸಾಲದ ಬಡ್ಡಿ ತೀರಿಸಲು ಹೊಸ ಸಾಲ ಬೇಕಾಯಿತು. ಹೊಸ ಸಾಲ ಕೊಡಲು ಅಂತಾರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವಬ್ಯಾಂಕ್ ಷರತ್ತುಗಳನ್ನು ಹಾಕಿದವು. ಸರ್ಕಾರಿ ವೆಚ್ಚ ಇಳಿಯಿತು. ಅನೇಕ ಆಫ್ರಿಕನ್ ದೇಶಗಳಲ್ಲಿ ಪ್ರಾಥಮಿಕ ಶಾಲೆಗೂ ಹಳ್ಳಿಯ ಆಸ್ಪತ್ರೆಗೂ ಶುಲ್ಕ ಬಂತು. ಸಾಲ ತೀರಿಸಲೆಂದು ನಮ್ಮ ಮಕ್ಕಳನ್ನು ಉಪವಾಸ ಕೆಡಹಬೇಕೇ ಎಂದು ತಾಂಜಾನಿಯದ ಅಧ್ಯಕ್ಷ ಜೂಲಿಯಸ್ ನೈರೇರೆ ಕೇಳಿದ್ದು ಆ ದಿನಗಳಲ್ಲಿಯೇ.

ಇಲ್ಲಿ ಎರಡು ಅನ್ಯಾಯಗಳಿದ್ದವು. ಮೊದಲನೆಯದು, ಸಾಲ ಪಡೆದವರು ಒಬ್ಬರು, ತೀರಿಸುವವರು ಇನ್ನೊಬ್ಬರು. 1965ರಿಂದ 1997ರವರೆಗೆ ಝೈರೆಯನ್ನು ಆಳಿದ ಮೊಬುಟು, ದೇಶವನ್ನು ಲೂಟಿ ಮಾಡುತ್ತಿರುವುದು ಲೋಕಕ್ಕೆಲ್ಲ ತಿಳಿದಿದ್ದರೂ ಅವರಿಗೆ ಸಾಲ ಸಿಗುತ್ತಲೇ ಇತ್ತು. ಅವರು ಬಿಟ್ಟುಹೋದ 1,000 ಕೋಟಿ ಡಾಲರ್‌ಗೂ ಮೀರಿದ ಸಾಲವನ್ನು ಆ ಹಣದ ಮುಖವನ್ನೇ ಕಾಣದ ಜನ ಹೊತ್ತರು. ಎರಡನೆಯದು ಬಡ್ಡಿಯ ಚಕ್ರ. ನೈಜೀರಿಯದ ಅಧ್ಯಕ್ಷ ಒಬಸಾಂಜೊ 2000ದಲ್ಲಿ ನೀಡಿದ ಲೆಕ್ಕ ಹೀಗಿತ್ತು: ತಮ್ಮ ದೇಶ 1980ರ ದಶಕದ ಮಧ್ಯದವರೆಗೆ ಪಡೆದದ್ದು ಸುಮಾರು 500 ಕೋಟಿ ಡಾಲರ್, ಕಟ್ಟಿದ್ದು ಸುಮಾರು 1,600 ಕೋಟಿ, ಆದರೂ ಬಾಕಿ 2,800 ಕೋಟಿ. ಬಡ್ಡಿಯನ್ನು ಕುರ್‌ಆನ್ ಏಕೆ ಅಷ್ಟು ಕಠೋರವಾಗಿ ಖಂಡಿಸಿತು ಎಂಬುದಕ್ಕೆ ಈ ಮೂರು ಸಂಖ್ಯೆಗಳೇ ವ್ಯಾಖ್ಯಾನ.

ಸಾಲಗಾರನು ಸಂಕಷ್ಟದಲ್ಲಿದ್ದರೆ ಅವನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ನೀಡಬೇಕು, ಬಿಟ್ಟುಕೊಟ್ಟರೆ ಅದು ಇನ್ನೂ ಉತ್ತಮ ಎಂಬುದು ಅಲ್‌ಬಕರ ಅಧ್ಯಾಯದ ಬೋಧನೆ. ಅಷ್ಟೇ ಅಲ್ಲ, ಝಕಾತಿನ ಎಂಟು ಫಲಾನುಭವಿಗಳಲ್ಲಿ ಸಾಲದಲ್ಲಿ ಮುಳುಗಿದವರಿಗೂ ಒಂದು ಪಾಲಿದೆ. ಸಾಲವು ಮನುಷ್ಯನನ್ನು ಗುಲಾಮನನ್ನಾಗಿಸುತ್ತದೆ ಎಂಬುದನ್ನು ಅರಿತ ವ್ಯವಸ್ಥೆ ಮಾತ್ರ ಇಂತಹ ಪಾಲನ್ನು ಇಡಬಲ್ಲದು. ವ್ಯಕ್ತಿಗೆ ಅನ್ವಯಿಸುವ ಈ ಕರುಣೆ ರಾಷ್ಟ್ರಕ್ಕೆ ಏಕೆ ಅನ್ವಯಿಸಬಾರದು?

ಬೀದಿಗೆ ಬಂದ ಜನ

ಈ ಪ್ರಶ್ನೆಯನ್ನು ನಾಯಕರ ಮುಂದಿಟ್ಟವರು ಮುಸ್ಲಿಮರಲ್ಲ. ಐವತ್ತು ವರ್ಷಗಳಿಗೊಮ್ಮೆ ಸಾಲಗಳನ್ನು ಬಿಟ್ಟುಕೊಟ್ಟು ದಾಸರನ್ನು ಬಿಡುಗಡೆ ಮಾಡಬೇಕೆಂಬ ಬೈಬಲ್‌ನ ವಿಧಿಯಿಂದ ಸ್ಫೂರ್ತಿ ಪಡೆದು, ಬ್ರಿಟನ್ನಿನಲ್ಲಿ 'ಜುಬಿಲಿ 2000' ಎಂಬ ಚಳವಳಿ ಹುಟ್ಟಿತು. ಕಡುಬಡ ದೇಶಗಳು ತೀರಿಸಲಾಗದ ಸಾಲವನ್ನು ಹೊಸ ಸಹಸ್ರಮಾನದೊಳಗೆ ರದ್ದು ಮಾಡಬೇಕು ಎಂಬುದೇ ಅದರ ಏಕೈಕ ಬೇಡಿಕೆ. 1998ರ ಮೇ 16ರಂದು ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜಿ-8 ರಾಷ್ಟ್ರಗಳ ನಾಯಕರು ಸೇರಿದ್ದಾಗ, ಸುಮಾರು 70,000 ಮಂದಿ ಕೈಕೈ ಹಿಡಿದು ಮಾನವ ಸರಪಳಿ ರಚಿಸಿದರು. ಚರ್ಚಿನ ಅಜ್ಜಿಯರು, ವಿದ್ಯಾರ್ಥಿಗಳು, ಕಾರ್ಮಿಕರು ಅದರಲ್ಲಿದ್ದರು. ಕಲ್ಲು ತೂರಲಿಲ್ಲ, ಬೆಂಕಿ ಹಚ್ಚಲಿಲ್ಲ. ಮರುವರ್ಷ, 1999ರ ಜೂನ್‌ನಲ್ಲಿ, ಜರ್ಮನಿಯ ಕಲೋನ್ ನಗರದಲ್ಲಿ ಜಿ-8 ನಾಯಕರು ಸಾಲ ಪರಿಹಾರದ ಯೋಜನೆಯನ್ನು ವಿಸ್ತರಿಸಲು ಒಪ್ಪಿದರು. ಚಳವಳಿಯ ಮನವಿಗೆ ಜಗತ್ತಿನಾದ್ಯಂತ ಎರಡು ಕೋಟಿಗಿಂತಲೂ ಹೆಚ್ಚು ಸಹಿಗಳು ಬಿದ್ದವು.

2005ರಲ್ಲಿ ಇನ್ನೊಂದು ಅಲೆ ಎದ್ದಿತು. ಆ ವರ್ಷದ ಫೆಬ್ರವರಿಯಲ್ಲಿ ವೃದ್ಧ ನೆಲ್ಸನ್ ಮಂಡೇಲಾ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನಿಂತು, ಬಡತನವು ಗುಲಾಮಗಿರಿಯಂತೆಯೇ ಮನುಷ್ಯನ ಸೃಷ್ಟಿ, ಮನುಷ್ಯನೇ ಅದನ್ನು ಅಳಿಸಬಲ್ಲ ಎಂಬ ಅರ್ಥದ ಮಾತನಾಡಿದರು. ಜುಲೈ ಆರಂಭದಲ್ಲಿ ಎಡಿನ್‌ಬರೋ ನಗರದಲ್ಲಿ ಎರಡು ಲಕ್ಷ ಜನ ಬಿಳಿ ಬಟ್ಟೆ ತೊಟ್ಟು ಮೆರವಣಿಗೆ ನಡೆಸಿದರು. ಅದೇ ವಾರ ಸ್ಕಾಟ್ಲೆಂಡಿನ ಗ್ಲೆನ್‌ಈಗಲ್ಸ್‌ನಲ್ಲಿ ಸೇರಿದ ಜಿ-8 ನಾಯಕರು, ಅರ್ಹ ಬಡರಾಷ್ಟ್ರಗಳು ವಿಶ್ವಬ್ಯಾಂಕ್, ಹಣಕಾಸು ನಿಧಿ ಮತ್ತು ಆಫ್ರಿಕನ್ ಅಭಿವೃದ್ಧಿ ಬ್ಯಾಂಕಿಗೆ ಕೊಡಬೇಕಾಗಿದ್ದ ಸಾಲವನ್ನು ಸಂಪೂರ್ಣ ರದ್ದುಪಡಿಸಲು ಒಪ್ಪಿದರು.

ಇದರಿಂದ ಬಡವನಿಗೆ ಏನು ಸಿಕ್ಕಿತು? ತಾಂಜಾನಿಯ 2001ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕವನ್ನು ತೆಗೆದುಹಾಕಿತು, ಲಕ್ಷಾಂತರ ಮಕ್ಕಳು ಮೊದಲ ಬಾರಿ ತರಗತಿಯೊಳಗೆ ಬಂದರು. ಝಾಂಬಿಯ 2006ರಲ್ಲಿ ಗ್ರಾಮೀಣ ಆರೋಗ್ಯ ಕೇಂದ್ರಗಳ ಶುಲ್ಕವನ್ನು ರದ್ದುಗೊಳಿಸಿತು. ಮೂರು ದಶಕ ಅಂತರ್ಯುದ್ಧದಲ್ಲಿ ಬೆಂದ ಸೋಮಾಲಿಯ 2023ರ ಡಿಸೆಂಬರ್‌ನಲ್ಲಿ ಇದೇ ಯೋಜನೆಯನ್ನು ಪೂರ್ಣಗೊಳಿಸಿ ಸುಮಾರು 450 ಕೋಟಿ ಡಾಲರ್‌ಗಳ ಹೊರೆಯಿಂದ ಬಿಡುಗಡೆ ಹೊಂದಿತು.

ಉಳಿದ ಹಣವನ್ನು ಅಲ್ಲಿನ ಭ್ರಷ್ಟ ಆಡಳಿತಗಾರರು ನುಂಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದುದೇ. ಉಗಾಂಡ 1998ರಲ್ಲಿ ಇದಕ್ಕೊಂದು ಉತ್ತರ ಹುಡುಕಿತು. ಸಾಲ ಪರಿಹಾರದಿಂದ ಉಳಿದ ಹಣವನ್ನು ಶಾಲೆ, ಆರೋಗ್ಯ, ಕುಡಿಯುವ ನೀರು, ರಸ್ತೆಗಳಿಗಾಗಿ ಪ್ರತ್ಯೇಕ ನಿಧಿಯಲ್ಲಿಟ್ಟು ಅದರ ಲೆಕ್ಕವನ್ನು ಪರಿಶೀಲನೆಗೆ ತೆರೆದಿಟ್ಟಿತು. ಉಮರ್(ರ) ಕೂಡ ಅಧಿಕಾರಿಯನ್ನು ನೇಮಿಸುವಾಗ ಅವನ ಆಸ್ತಿಯ ಪಟ್ಟಿ ಮಾಡಿಸುತ್ತಿದ್ದರು, ನಂತರ ಹೆಚ್ಚಳ ಕಂಡರೆ ವಿಚಾರಿಸುತ್ತಿದ್ದರು. ಕಳ್ಳನಿದ್ದಾನೆಂದು ಹಸಿದವನ ಪಾಲನ್ನು ತಡೆಹಿಡಿಯುವುದು ಪರಿಹಾರವಲ್ಲ. ಕಳ್ಳನನ್ನು ತಡೆಹಿಡಿಯುವುದು ಪರಿಹಾರ.

ಮರೆತ ಮಾತುಗಳು

ನಾಯಕರು ಕೊಟ್ಟ ಮಾತನ್ನೆಲ್ಲ ಉಳಿಸಿಕೊಂಡರೆ? ಇಲ್ಲ. 1970ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು, ಶ್ರೀಮಂತ ರಾಷ್ಟ್ರಗಳು ತಮ್ಮ ರಾಷ್ಟ್ರೀಯ ಆದಾಯದ ಶೇ. 0.7ರಷ್ಟನ್ನು ಬಡದೇಶಗಳ ಅಭಿವೃದ್ಧಿಗೆ ನೀಡಬೇಕೆಂದು ನಿರ್ಣಯಿಸಿತು. ನೂರು ರೂಪಾಯಿಯಲ್ಲಿ ಎಪ್ಪತ್ತು ಪೈಸೆ! ಅರ್ಧ ಶತಮಾನ ಕಳೆದ ಮೇಲೆ, 2024ರಲ್ಲಿ ಆ ಗುರಿ ಮುಟ್ಟಿದ ದೊಡ್ಡ ದಾನಿ ರಾಷ್ಟ್ರಗಳು ನಾಲ್ಕೇ: ನಾರ್ವೆ, ಲಕ್ಸೆಂಬರ್ಗ್, ಸ್ವೀಡನ್ ಮತ್ತು ಡೆನ್ಮಾರ್ಕ್. ಒಟ್ಟು ಸರಾಸರಿ ಶೇ. 0.33. ಈ ಗುರಿಯನ್ನು 2015ರಲ್ಲಿ ಕಾನೂನನ್ನಾಗಿಸಿದ ಬ್ರಿಟನ್, 2021ರಲ್ಲಿ ಅದನ್ನು ಶೇ. 0.5ಕ್ಕೆ ಇಳಿಸಿತು. 2027ರ ಹೊತ್ತಿಗೆ ಶೇ. 0.3ಕ್ಕೆ ಇಳಿಸುವುದಾಗಿ 2025ರಲ್ಲಿ ಘೋಷಿಸಿತು. ಅದೇ ವರ್ಷ ಅಮೆರಿಕವು ತನ್ನ ವಿದೇಶಿ ನೆರವಿನ ಸಂಸ್ಥೆಯನ್ನೇ ಕಳಚಿಹಾಕಿತು.

ಸಾಲವೂ ಹಿಂದಿರುಗಿದೆ. ಝಾಂಬಿಯ 2020ರಲ್ಲಿ, ಘಾನಾ 2022ರಲ್ಲಿ ಮತ್ತೆ ಕಂತು ಕಟ್ಟಲಾಗದೆ ಕೈಚೆಲ್ಲಿದವು. ಆರೋಗ್ಯಕ್ಕಿಂತ ಅಥವಾ ಶಿಕ್ಷಣಕ್ಕಿಂತ ಬಡ್ಡಿಗೇ ಹೆಚ್ಚು ಖರ್ಚು ಮಾಡುವ ದೇಶಗಳಲ್ಲಿ 330 ಕೋಟಿ ಜನ ಬದುಕುತ್ತಿದ್ದಾರೆಂದು ವಿಶ್ವಸಂಸ್ಥೆಯ 2024ರ ವರದಿ ಹೇಳಿತು.

ಪರರ ದಾನದಿಂದಲೇ ಯಾವ ದೇಶವೂ ಉದ್ಧಾರವಾಗಿಲ್ಲ ಎಂಬುದನ್ನು ನಾವು ಮರೆಯಬೇಕಾಗಿಲ್ಲ. ಕಳೆದ ಮೂರು ದಶಕಗಳಲ್ಲಿ ಕಡುಬಡತನ ಅತಿ ಹೆಚ್ಚು ಕುಗ್ಗಿದ್ದು ಚೀನಾ ಮತ್ತು ಭಾರತದಂತಹ ದೇಶಗಳಲ್ಲಿ, ಅವುಗಳದ್ದೇ ದುಡಿಮೆ ಮತ್ತು ನೀತಿಯಿಂದ. ಆದರೆ ಕಾಲಿಗೆ ಸಂಕೋಲೆ ಕಟ್ಟಿದವನಿಗೆ ಸ್ವಂತ ಕಾಲಿನ ಮೇಲೆ ನಿಲ್ಲೆಂದು ಉಪದೇಶಿಸುವುದು ನ್ಯಾಯವಲ್ಲ. ಮೊದಲು ಸಂಕೋಲೆ ಕಳಚಬೇಕು.

ನಮ್ಮ ಪಾಲು

ಮುಸ್ಲಿಮ್ ಲೋಕದ ನಾಯಕರಿಗೂ ಈ ಪ್ರಶ್ನೆಯಿಂದ ವಿನಾಯಿತಿ ಇಲ್ಲ. ಕುವೈತ್ 1961ರಲ್ಲಿಯೇ ಬಡದೇಶಗಳ ಅಭಿವೃದ್ಧಿಗೆಂದು ನಿಧಿ ಸ್ಥಾಪಿಸಿತು. ಜಿದ್ದಾದ ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕ್ 1975ರಿಂದ ಕೆಲಸ ಮಾಡುತ್ತಿದೆ. ಇವು ಗೌರವಾರ್ಹ. ಆದರೆ ಇಸ್ಲಾಮೀ ಸಹಕಾರ ಸಂಘಟನೆಯ 57 ಸದಸ್ಯ ರಾಷ್ಟ್ರಗಳಲ್ಲಿ ಜಗತ್ತಿನ ಅತಿ ಶ್ರೀಮಂತ ದೇಶಗಳೂ ಇವೆ, ಅತಿ ಬಡ ದೇಶಗಳೂ ಇವೆ. ಗಗನಚುಂಬಿ ಕಟ್ಟಡಗಳ ಕತಾರ್ ಮತ್ತು ಹಸಿವಿನ ನೈಜರ್ ಒಂದೇ ಮೇಜಿನಲ್ಲಿ ಕುಳಿತುಕೊಳ್ಳುತ್ತವೆ. ಸಿರಿಯಾದಿಂದ ಮದೀನಕ್ಕೆ ಹೊರಟ ಆ 4,000 ಒಂಟೆಗಳ ಸಾಲು ಈ ಮೇಜಿನ ಎರಡು ತುದಿಗಳ ನಡುವೆ ಮತ್ತೆ ಚಲಿಸಬೇಕಾಗಿದೆ.

ಇನ್ನು ನಮ್ಮ ವಿಷಯ. ಜುಬಿಲಿ ಚಳವಳಿ ನಮ್ಮದಲ್ಲ ಎಂದು ದೂರ ನಿಲ್ಲುವಂತಿಲ್ಲ. ಪ್ರವಾದಿ(ಸ)ರು ಯೌವನದಲ್ಲಿ, ಪ್ರವಾದಿತ್ವ ಲಭಿಸುವ ಮುಂಚೆ, ಮಕ್ಕಾದ ಅಬ್ದುಲ್ಲಾ ಇಬ್ನು ಜುದ್‌ಆನನ ಮನೆಯಲ್ಲಿ ನಡೆದ 'ಹಿಲ್ಫುಲ್ ಫುಝೂಲ್' ಒಪ್ಪಂದದಲ್ಲಿ ಭಾಗಿಯಾಗಿದ್ದರು. ಪರವೂರಿನ ವರ್ತಕನಿಗೆ ಮಕ್ಕಾದ ಪ್ರಬಲನೊಬ್ಬ ಮಾಡಿದ ಮೋಸವೇ ಅದಕ್ಕೆ ಕಾರಣವಾಗಿತ್ತು. ಅನ್ಯಾಯಕ್ಕೊಳಗಾದವನ ಪರ ನಿಲ್ಲುವ ಆ ಒಪ್ಪಂದಕ್ಕೆ ಈಗ ಕರೆದರೂ ಹೋಗುತ್ತಿದ್ದೆ ಎಂಬ ಅರ್ಥದಲ್ಲಿ ಅವರು ನಂತರ ಹೇಳಿದರು. ನ್ಯಾಯಕ್ಕಾಗಿ ಯಾರು ಕರೆದರೂ ಕೈಜೋಡಿಸುವುದು ಸುನ್ನತ್ತಿಗೆ ಹತ್ತಿರವಾದ ಕೆಲಸ.

ಭಾರತವಿಂದು ಸಾಲ ಪಡೆಯುವ ದೇಶ ಮಾತ್ರವಲ್ಲ, ಕೊಡುವ ದೇಶವೂ ಹೌದು. 2003ರಲ್ಲಿ ನಮ್ಮ ಸರ್ಕಾರವೂ ಕೆಲವು ಬಡರಾಷ್ಟ್ರಗಳ ಸಾಲವನ್ನು ಬಿಟ್ಟುಕೊಟ್ಟಿತು. 2023ರಲ್ಲಿ ಜಿ-20ರ ಅಧ್ಯಕ್ಷತೆ ವಹಿಸಿ, ಆಫ್ರಿಕನ್ ಒಕ್ಕೂಟವನ್ನು ದೆಹಲಿಯಲ್ಲಿ ಆ ಕೂಟಕ್ಕೆ ಸೇರಿಸಿಕೊಂಡಿತು. ಶ್ರೀಲಂಕಾದ ಸಾಲ ಬಿಕ್ಕಟ್ಟಿನಲ್ಲಿ ಸಾಲಿಗರ ಸಮಿತಿಯ ನೇತೃತ್ವವನ್ನು ಜಪಾನ್ ಮತ್ತು ಫ್ರಾನ್ಸ್ ಜೊತೆ ಹಂಚಿಕೊಂಡಿತು. ಆದುದರಿಂದ ನಮ್ಮ ಸಂಸದನ ಮುಂದೆ ಇಡಬಹುದಾದ ಪ್ರಶ್ನೆ ಕೇವಲ ಊರಿನ ರಸ್ತೆ, ಚರಂಡಿಯದ್ದಲ್ಲ. ಬಡದೇಶಗಳ ಸಾಲದ ವಿಷಯದಲ್ಲಿ ಭಾರತ ಯಾವ ನಿಲುವು ತಾಳುತ್ತದೆ? ಸಾಲಿಗರ ಸಾಲಿನಲ್ಲಿ ಕುಳಿತು ಬಡ್ಡಿಯ ಪರ ಮಾತನಾಡುತ್ತದೆಯೋ, ಹಸಿದವನ ಪರವೋ? ನಮ್ಮದೇ ದೇಶದಲ್ಲಿ ಇನ್ನೂ ಉಳಿದಿರುವ ಕಡುಬಡತನಕ್ಕೆ ಏನು ಯೋಜನೆಯಿದೆ? ಪತ್ರ ಬರೆದು ಕೇಳಬಹುದು, ಭೇಟಿಯಾಗಿ ಕೇಳಬಹುದು, ಮತ ಕೇಳಲು ಬಂದಾಗ ಕೇಳಬಹುದು.

ಝಕಾತ್ ಕೊಟ್ಟೆವು, ರಮಝಾನಿನಲ್ಲಿ ಕಿಟ್ ಹಂಚಿದೆವು, ಇನ್ನು ನಮ್ಮ ಹೊಣೆ ಮುಗಿಯಿತು ಎಂದು ಭಾವಿಸುವವರು ನಮ್ಮಲ್ಲಿ ಅನೇಕರು. ಅದು ನಮ್ಮ ಕೈಯ ಹೊಣೆ ಮಾತ್ರ. ನಾಲಿಗೆಗೂ ಒಂದು ಹೊಣೆಯಿದೆ. ಆಳುವವನು ಕುರುಬನಂತೆ, ತನ್ನ ಮಂದೆಯ ಬಗ್ಗೆ ಅವನನ್ನು ಪ್ರಶ್ನಿಸಲಾಗುವುದು ಎಂದು ಪ್ರವಾದಿ(ಸ)ರು ಕಲಿಸಿದರು. ಯೂಫ್ರಟೀಸ್ ತೀರದಲ್ಲಿ ಒಂದು ಪ್ರಾಣಿ ಆರೈಕೆಯಿಲ್ಲದೆ ಸತ್ತರೂ ಅಲ್ಲಾಹನು ತನ್ನನ್ನು ಕೇಳುವನೆಂದು ಉಮರ್(ರ) ಭಯಪಟ್ಟರು. ಪರಲೋಕದ ಆ ವಿಚಾರಣೆಯ ನೆನಪಿಲ್ಲದ ನಾಯಕರಿಗೆ ಇಹದಲ್ಲಿಯೇ ಅದನ್ನು ನೆನಪಿಸಿಕೊಡುವುದು ಪ್ರಜೆಗಳ ಕೆಲಸ. ಬರ್ಮಿಂಗ್‌ಹ್ಯಾಮಿನ ಬೀದಿಯಲ್ಲಿ ಕೈಕೈ ಹಿಡಿದು ನಿಂತ ಸಾಮಾನ್ಯ ಜನರು ಅದನ್ನು ಮಾಡಿದರು, ಮತ್ತು ದೂರದ ತಾಂಜಾನಿಯದ ಹಳ್ಳಿಯಲ್ಲಿ ಶಾಲೆಯ ಬಾಗಿಲು ತೆರೆಯಿತು. ಹಸಿದವನ ಹಕ್ಕನ್ನು ಬಲ್ಲೆವೆಂದು ಹೇಳುವ ಸಮುದಾಯ ಅದಕ್ಕಿಂತ ಕಡಿಮೆ ಮಾಡಬಾರದು.